ಟವಲಿನಡಿಯ ಬೆಲೆ: ವಿಕೇಂದ್ರೀಕೃತ ಗೂಢಸಂದೇಶ ವ್ಯವಸ್ಥೆಗಳ ತೌಲನಿಕ ವಿವೇಚನೆ, ರಾಮನಗರ ಸೀಮೆಯ ಹಿನ್ನೆಲೆಯಲ್ಲಿ

ಖಾಸಗಿ ಸಂದೇಶದಲ್ಲಿ ಮರೆಮಾಡಬೇಕಾದ ಸಂಗತಿಗಳು ಎರಡು. ಒಂದು ಆಡಿದ ಮಾತು, ಇನ್ನೊಂದು ಯಾರು ಯಾರೊಡನೆ ಯಾವಾಗ ಆಡಿದರು ಎಂಬುದು. ಇವೆರಡೂ ಬೇರೆಬೇರೆ ಎಂಬುದಕ್ಕೆ ಹಳೇ ಮೈಸೂರು ಸೀಮೆಯ ದನಗಳ ಜಾತ್ರೆಗಿಂತ ಒಳ್ಳೆಯ ಉದಾಹರಣೆ ಸಿಗದು. ಮಾಗಡಿಯ ರಂಗನಾಥಸ್ವಾಮಿ ಜಾತ್ರೆಯಂಥ ಕಡೆ ಎತ್ತಿನ ಜೋಡಿಯ ಮುಂದೆ ನಿಂತ ದಲ್ಲಾಳಿ ಹೆಗಲ ಮೇಲಿನ ಟವಲನ್ನು ಕೈಮೇಲೆ ಇಳಿಬಿಟ್ಟು, ಅದರಡಿಯಲ್ಲಿ ಕೊಳ್ಳುವವನ ಬೆರಳು ಹಿಡಿಯುತ್ತಾನೆ. ಎಷ್ಟು ಬೆರಳು ಅದುಮಿದರೆ ಎಷ್ಟು, ಅದು ನೂರೋ ಸಾವಿರವೋ ಎಂಬುದು ಅವರಿಬ್ಬರಿಗೆ ಗೊತ್ತು. ಸುತ್ತ ನಿಂತವರಿಗೆ ಬೆಲೆ ತಿಳಿಯದು. ಆದರೆ ಯಾರ ಎತ್ತಿಗೆ ಯಾರು ಕೈ ಕೊಟ್ಟರು, ಎಷ್ಟು ಹೊತ್ತು ಹಿಡಿದು ನಿಂತರು, ಕೊನೆಗೆ ಕೈ ಕೊಡವಿಕೊಂಡು ಹೋದರೋ ಹಗ್ಗ ಹಿಡಿದು ಹೋದರೋ ಎಂಬುದೆಲ್ಲ ಜಾತ್ರೆಗೇ ಕಾಣುತ್ತದೆ.

ಮೊಬೈಲಿನ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಈ ಟವಲಿನ ಕೆಲಸ ಮಾಡುತ್ತದೆ. ಕಳಿಸುವವರ ಫೋನಿನಲ್ಲಿ ಬೀಗ ಬಿದ್ದ ಸಂದೇಶ ಪಡೆಯುವವರ ಫೋನಿನಲ್ಲೇ ತೆರೆದುಕೊಳ್ಳುತ್ತದೆ, ನಡುವಿನ ಸರ್ವರಿಗೆ ಕಾಣುವುದು ಅರ್ಥವಾಗದ ಅಕ್ಷರರಾಶಿ. ಟ್ರೆವರ್ ಪೆರಿನ್ ಮತ್ತು ಮಾಕ್ಸಿ ಮಾರ್ಲಿನ್‌ಸ್ಪೈಕ್ 2013ರಲ್ಲಿ ರೂಪಿಸಿದ ಡಬಲ್ ರ್‍ಯಾಚೆಟ್ ವಿಧಾನದಲ್ಲಿ ಪ್ರತಿ ಸಂದೇಶಕ್ಕೂ ಹೊಸ ಕೀಲಿ ಹುಟ್ಟುತ್ತದೆ, ಹಳೆಯದು ಅಳಿಯುತ್ತದೆ. ಇಂದು ಒಂದು ಕೀಲಿ ಕದ್ದರೂ ನಿನ್ನೆಯ ಮಾತು ತೆರೆಯದು. ಸಿಗ್ನಲ್ ಆ್ಯಪಿನ ಈ ಪ್ರೋಟೋಕಾಲನ್ನೇ ವಾಟ್ಸ್ಆ್ಯಪ್ ಅಳವಡಿಸಿಕೊಂಡು, 2016ರ ಏಪ್ರಿಲ್ ಹೊತ್ತಿಗೆ ತನ್ನ ಎಲ್ಲ ಬಳಕೆದಾರರಿಗೂ ಒದಗಿಸಿತು. ಆದ್ದರಿಂದ ಚನ್ನಪಟ್ಟಣದ ಬೊಂಬೆ ಕುಶಲಕರ್ಮಿಯ ಕೈಯಲ್ಲಿರುವ ಅಗ್ಗದ ಫೋನಿನಲ್ಲೂ ಈ ಟವಲು ಈಗಾಗಲೇ ಇದೆ.

ಉಳಿಯುವುದು ತಂತ್ರಜ್ಞರು ಮೆಟಾಡೇಟಾ ಎಂದು ಕರೆಯುವ ಹೊರವಿವರದ ಪ್ರಶ್ನೆ. ಸಿಗ್ನಲ್ ಇದನ್ನು ಕೂಡಿಡದಿರುವ ದಾರಿ ಹಿಡಿದಿದೆ. 2016ರಲ್ಲಿ ಅಮೆರಿಕದ ನ್ಯಾಯಾಂಗ ಆದೇಶವೊಂದಕ್ಕೆ ಅದು ಕೊಡಲಾದದ್ದು ಖಾತೆ ತೆರೆದ ದಿನ ಮತ್ತು ಕೊನೆಯ ಬಾರಿ ಸಂಪರ್ಕಕ್ಕೆ ಬಂದ ದಿನ, ಎರಡೇ. ಆದರೂ ಸಿಗ್ನಲ್ ಕೇಂದ್ರೀಕೃತ ವ್ಯವಸ್ಥೆ. ಸರ್ವರು ಒಂದೇ ಸಂಸ್ಥೆಯದು, ನೋಂದಣಿಗೆ ಮೊಬೈಲ್ ಸಂಖ್ಯೆ ಬೇಕೇ ಬೇಕು. ಆ ಸಂಸ್ಥೆ ನಿಂತರೆ ಎಲ್ಲರ ಮಾತೂ ನಿಲ್ಲುತ್ತದೆ. ವಿಕೇಂದ್ರೀಕರಣದ ವಾದ ಹುಟ್ಟುವುದು ಇಲ್ಲಿಂದ.

ವಿಕೇಂದ್ರೀಕೃತ ವ್ಯವಸ್ಥೆಗಳಲ್ಲಿ ಹಳೆಯದು ಎಕ್ಸ್‌ಎಂಪಿಪಿ. ಜೆರೆಮಿ ಮಿಲ್ಲರ್ 1990ರ ದಶಕದ ಕೊನೆಯಲ್ಲಿ ಜ್ಯಾಬರ್ ಎಂಬ ಹೆಸರಿನಲ್ಲಿ ಇದನ್ನು ಆರಂಭಿಸಿದರು. ಇಮೇಲಿನಂತೆ ಯಾರು ಬೇಕಾದರೂ ಸರ್ವರ್ ನಡೆಸಬಹುದು, ಒಂದರಲ್ಲಿ ಖಾತೆಯಿದ್ದವರು ಇನ್ನೊಂದರವರೊಡನೆ ಮಾತಾಡಬಹುದು. ಸಣ್ಣ ಯಂತ್ರದಲ್ಲೂ ನಡೆಯುವಷ್ಟು ಹಗುರವಾದದ್ದು, ನಿಧಾನದ ನೆಟ್‌ವರ್ಕನ್ನೂ ಸಹಿಸುತ್ತದೆ. 2015ರಲ್ಲಿ ಬಂದ ಒಮೆಮೊ ವಿಸ್ತರಣೆ ಇದಕ್ಕೆ ಡಬಲ್ ರ್‍ಯಾಚೆಟ್ ಮಾದರಿಯ ಬೀಗ ಹಾಕಿತು. 2014ರಲ್ಲಿ ಶುರುವಾದ ಮ್ಯಾಟ್ರಿಕ್ಸ್ ಇದೇ ಒಕ್ಕೂಟದ ತತ್ವವನ್ನು ಬೇರೆ ಬಗೆಯಲ್ಲಿ ಕಟ್ಟಿದೆ. ಒಂದು ಗುಂಪಿನಲ್ಲಿ ಭಾಗವಹಿಸುವ ಪ್ರತಿ ಸರ್ವರಿನಲ್ಲೂ ಆ ಗುಂಪಿನ ಇತಿಹಾಸದ ಪ್ರತಿ ಇರುತ್ತದೆ. ಒಂದು ಸರ್ವರ್ ಕೆಟ್ಟರೂ ಗುಂಪು ಬದುಕುತ್ತದೆ. ಫ್ರಾನ್ಸ್ ಸರ್ಕಾರ ತನ್ನ ನೌಕರರಿಗಾಗಿ ತ್ಷಾಪ್ ಎಂಬ ವ್ಯವಸ್ಥೆಯನ್ನು ಇದರ ಮೇಲೆಯೇ ನಿಲ್ಲಿಸಿದೆ. ಆದರೆ ಪ್ರತಿ ಎಲ್ಲೆಡೆ ಇರುವುದರಿಂದ ಅಳಿಸುವುದು ಕಷ್ಟ. ಅಳಿಸಿ ಎಂಬ ಕೋರಿಕೆಯನ್ನು ಉಳಿದ ಸರ್ವರುಗಳು ಪಾಲಿಸಬೇಕಷ್ಟೆ. ಸಂದೇಶದೊಳಗಿನ ಮಾತು ಮುಚ್ಚಿದ್ದರೂ ಗುಂಪಿನ ಹೆಸರು, ಸದಸ್ಯರ ಪಟ್ಟಿ, ಮಾತಿನ ವೇಳೆ ಸರ್ವರಿಗೆ ತೆರೆದೇ ಇರುತ್ತವೆ. ಎಕ್ಸ್‌ಎಂಪಿಪಿ ಸರ್ವರಿನಲ್ಲೂ ಬಳಕೆದಾರರ ಸಂಪರ್ಕಪಟ್ಟಿ ಕುಳಿತಿರುತ್ತದೆ.

ಈ ಬಗೆಯ ತುಲನೆಗಳು ಸಾಮಾನ್ಯವಾಗಿ ಕಡೆಗಣಿಸುವ ಅಂಶವೊಂದು ಸಣ್ಣ ಊರಿನಲ್ಲಿ ಎದ್ದು ಕಾಣುತ್ತದೆ. ವಿಕೇಂದ್ರೀಕರಣ ಹೊರವಿವರವನ್ನು ಇಲ್ಲವಾಗಿಸುವುದಿಲ್ಲ, ಹತ್ತಿರಕ್ಕೆ ತರುತ್ತದೆ. ಕನಕಪುರದಲ್ಲಿ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ರೀಲರುಗಳ ಗುಂಪೊಂದು ತನ್ನದೇ ಮ್ಯಾಟ್ರಿಕ್ಸ್ ಸರ್ವರ್ ನಡೆಸಿತು ಎಂದುಕೊಂಡರೆ, ಅದರ ಕೀಲಿಕೈ ಅದೇ ಊರಿನ, ಅದೇ ಬೀದಿಯ ಒಬ್ಬರ ಬಳಿ ಇರುತ್ತದೆ. ದೂರದೇಶದ ಕಂಪನಿಗೆ ಎರಡು ಸಂಖ್ಯೆಗಳು ರಾತ್ರಿ ಹನ್ನೊಂದಕ್ಕೆ ಮಾತಾಡಿದವು ಎಂಬುದು ಬರೀ ಅಂಕಿ. ಊರಿನವರಿಗೆ ಅದು ಯಾರ ಮಗಳು, ಯಾರ ಸಾಲಗಾರ, ಯಾವ ಪಕ್ಷದವನು ಎಂಬ ಸುದ್ದಿ. ಕಾನೂನಿನ ಹೊರೆಯೂ ಸೇರಿಕೊಳ್ಳುತ್ತದೆ. ಸೇವೆ ಒದಗಿಸುವವರು ಸರ್ವರಿನ ದಾಖಲೆಗಳನ್ನು 180 ದಿನ ಇಟ್ಟುಕೊಳ್ಳಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಹೇಳಿದೆ. ಕೂಡಿಡದಿರುವುದೇ ರಕ್ಷಣೆ ಎಂಬ ಸಿಗ್ನಲ್ಲಿನ ದಾರಿ ಸಣ್ಣ ಸಂಘಕ್ಕೆ ಸುಲಭವಲ್ಲ.

ಸರ್ವರಿನ ಒಡೆತನವನ್ನೇ ದಾಟುವ ಯತ್ನಗಳೂ ಇವೆ. ಸೆಷನ್ ಎಂಬ ಆ್ಯಪ್ ಮೊಬೈಲ್ ಸಂಖ್ಯೆ ಕೇಳದೆ 66 ಅಕ್ಷರಗಳ ಗುರುತು ಕೊಟ್ಟು, ಹಲವು ಗಣಕಗಳ ಮೂಲಕ ಸಂದೇಶ ಹಾಯಿಸುತ್ತದೆ. ಆದರೆ ತನ್ನ ಪ್ರೋಟೋಕಾಲ್ ಬದಲಿಸಿದಾಗ ಹಳೆಯ ಮಾತನ್ನು ಕಾಯುವ ಗುಣವನ್ನು ಬಿಟ್ಟುಕೊಟ್ಟಿತು, ಇದು ಸಣ್ಣ ಕೊರತೆಯಲ್ಲ. ಸಿಂಪ್ಲೆಕ್ಸ್‌ನಲ್ಲಿ ಬಳಕೆದಾರರಿಗೆ ಗುರುತೇ ಇಲ್ಲ, ಪ್ರತಿ ಸಂಪರ್ಕಕ್ಕೂ ಬೇರೆ ಸರತಿ. ಹೊರವಿವರದ ದೃಷ್ಟಿಯಿಂದ ಇದು ಎಲ್ಲಕ್ಕಿಂತ ಕಟ್ಟುನಿಟ್ಟು. ಬ್ರಯರ್‌ಗೆ ಕೇಂದ್ರ ಸರ್ವರೇ ಬೇಡ. ಇಂಟರ್ನೆಟ್ ಇದ್ದರೆ ಗುರುತು ಮರೆಸುವ ಟಾರ್ ಜಾಲದ ಮೂಲಕ, ಇಲ್ಲದಿದ್ದರೆ ಬ್ಲೂಟೂತ್ ಅಥವಾ ವೈಫೈ ಮೂಲಕ ಫೋನಿನಿಂದ ಫೋನಿಗೆ ದಾಟುತ್ತದೆ. ಕನಕಪುರದಿಂದ ಸಂಗಮ, ಮೇಕೆದಾಟುವಿನತ್ತ ಇಳಿಯುವ ಕಾಡಂಚಿನಲ್ಲಿ, ಮೊಬೈಲ್ ಸಂಪರ್ಕ ಸಿಗದ ಕಡೆ, ಇದು ಆಕರ್ಷಕವಾಗಿ ಕಂಡೀತು. ಆದರೆ ಬ್ಲೂಟೂತಿನ ಹರವು ಹತ್ತಾರು ಮೀಟರು ಮಾತ್ರ. ಒಂದು ಹೊಲದ ಬದುವಿನಿಂದ ಇನ್ನೊಂದಕ್ಕೆ ಕೂಗಿ ಹೇಳುವುದು ಇದಕ್ಕಿಂತ ದೂರ ಮುಟ್ಟುತ್ತದೆ. ಆನೆ ಬಂದಿದೆ ಎಂಬ ಸುದ್ದಿಗಂತೂ ಬೇಕಾದದ್ದು ಹರಡುವ ವೇಗ, ಗೌಪ್ಯತೆಯಲ್ಲ.

ಎಲ್ಲ ಮಾತಿಗೂ ಟವಲು ಬೇಡ ಎಂಬುದನ್ನು ಈ ಸೀಮೆಯ ರೇಷ್ಮೆ ವ್ಯವಹಾರವೇ ತೋರಿಸುತ್ತದೆ. 1959ರ ಕಾಯ್ದೆ ಗೂಡಿನ ವಹಿವಾಟನ್ನು ಸರ್ಕಾರಿ ಮಾರುಕಟ್ಟೆಗೆ ತಂದಿತು. ರಾಮನಗರದ ಮಾರುಕಟ್ಟೆಯಲ್ಲಿ ಲಾಟಿನ ಗೂಡನ್ನು ರೀಲರು ಕೈಯಲ್ಲಿ ಹಿಡಿದು, ಅಲುಗಿಸಿ ಹುಳುವಿನ ಸದ್ದು ಕೇಳಿ ಕಟ್ಟುವ ಬೆಲೆ ಎಲ್ಲರಿಗೂ ಗೊತ್ತಾಗಲೇಬೇಕು, ಬೆಳೆಗಾರನ ರಕ್ಷಣೆ ಆ ಬಯಲಿನಲ್ಲಿದೆ. ಮುಚ್ಚಿಡಬೇಕಾದವು ಬೇರೆ: ಬ್ಯಾಂಕ್ ಖಾತೆಯ ಚಿತ್ರ, ಸಾಲದ ಮಾತು, ಚನ್ನಪಟ್ಟಣದ ಅರಗಿನ ಬೊಂಬೆಗೆ ಬಿಡಿಸಿದ ಹೊಸ ವಿನ್ಯಾಸ. ಅಂಥ ವಿನ್ಯಾಸದ ಚಿತ್ರವನ್ನು ಎಷ್ಟೇ ಭದ್ರ ಆ್ಯಪಿನಲ್ಲಿ ಕಳಿಸಿದರೂ ಪಡೆದವರು ಮುಂದೆ ಕಳಿಸಿದರೆ ತಡೆಯುವ ಬೀಗವಿಲ್ಲ. ಮನೆಗೆಲ್ಲ ಒಂದೇ ಫೋನ್ ಇರುವ ಕಡೆ ಅಪಾಯ ಸರ್ವರಿನಿಂದ ಬರುವುದಕ್ಕಿಂತ ಪಕ್ಕದಲ್ಲಿ ಕೂತವರಿಂದ ಬರುವುದು ಹೆಚ್ಚು. ಅಲ್ಲಿ ತಾನಾಗಿ ಅಳಿಯುವ ಸಂದೇಶ ಮತ್ತು ಆ್ಯಪಿಗೆ ಹಾಕುವ ಪಿನ್, ಒಕ್ಕೂಟದ ವಾಸ್ತುವಿಗಿಂತ ಹೆಚ್ಚು ಉಪಕಾರಿ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೆ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು 50 ಲಕ್ಷಕ್ಕೂ ಹೆಚ್ಚು ಬಳಕೆದಾರರಿರುವ ಸಂದೇಶ ಸೇವೆಗಳು ಮೊದಲು ಕಳಿಸಿದವರನ್ನು ಗುರುತಿಸಿಕೊಡಬೇಕೆಂದು ವಿಧಿಸಿದವು, ವಾಟ್ಸ್ಆ್ಯಪ್ ಇದನ್ನು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿತು. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ನಿರ್ಬಂಧಿಸಿದ 14 ಆ್ಯಪ್‌ಗಳಲ್ಲಿ ಬ್ರಯರ್ ಮತ್ತು ಮ್ಯಾಟ್ರಿಕ್ಸಿನ ಎಲಿಮೆಂಟ್ ಇದ್ದವು. ಎಲಿಮೆಂಟ್ ನಿಂತರೂ ಬೇರೆ ಆ್ಯಪಿನಿಂದ ಮ್ಯಾಟ್ರಿಕ್ಸ್ ತಲುಪಬಹುದು. ತೆರೆದ ಪ್ರೋಟೋಕಾಲಿನ ಲಾಭ ಅತ್ಯಂತ ಸ್ಪಷ್ಟವಾಗಿ ಕಾಣುವುದು ಇಲ್ಲಿ.

ವ್ಯವಸ್ಥೆ ಯಾವುದೇ ಇರಲಿ, ಎದುರಿನ ಫೋನು ನಿಜಕ್ಕೂ ಎಣಿಸಿದವರದೇ ಎಂದು ಖಚಿತಪಡಿಸಿಕೊಳ್ಳುವ ಕೆಲಸ ಬಳಕೆದಾರರಿಗೇ ಉಳಿಯುತ್ತದೆ, ಹೆಚ್ಚಿನವರು ಅದನ್ನು ಮಾಡುವುದೇ ಇಲ್ಲ. ಸಿಗ್ನಲ್ಲಿನಲ್ಲಿ ಇದಕ್ಕೆಂದು ಐದೈದರಂತೆ ಹನ್ನೆರಡು ಗುಂಪಿನ 60 ಅಂಕಿಗಳಿವೆ, ಜೊತೆಗೆ ಕ್ಯೂಆರ್ ಕೋಡ್. ಮಹಾನಗರದ ಅಪರಿಚಿತರಿಗೆ ದುಬಾರಿಯಾದ ಈ ಪರಿಶೀಲನೆ ಇಲ್ಲಿ ಸಲೀಸು. ಗೂಡು ತಂದ ಬೆಳೆಗಾರನೂ ಕೊಂಡ ರೀಲರೂ ರಾಮನಗರದ ಮಾರುಕಟ್ಟೆಯಲ್ಲಿ ಎದುರುಬದುರು ನಿಲ್ಲುತ್ತಾರೆ. ಲಾಟಿನ ತೂಕ ಮುಗಿಯುವಷ್ಟರಲ್ಲಿ ಒಬ್ಬರ ಪರದೆಯ ಮೇಲೆ ಇನ್ನೊಬ್ಬರ ಕ್ಯಾಮೆರಾ ಹಿಡಿದರೆ ಕೆಲಸ ಆಯಿತು.