ಹಿಟ್ಟಿನ ಮಡಕೆಯಿಂದ ಮೀನಿನ ತೊಟ್ಟಿಗೆ: ಮೀಲ್‌ವರ್ಮ್ ಸಾಕಣೆಯ ಇತಿಹಾಸ

ಮೀಲ್‌ವರ್ಮ್ ಎಂಬುದು ಟೆನೆಬ್ರಿಯೊ ಮೊಲಿಟರ್ ಎಂಬ ಕಪ್ಪು ಜೀರುಂಡೆಯ ಮರಿಹುಳು. ಸ್ವೀಡನ್ನಿನ ಕಾರ್ಲ್ ಲಿನೇಯಸ್ 1758ರಲ್ಲಿ ಅದಕ್ಕೆ ಈ ಹೆಸರಿಡುವ ಹೊತ್ತಿಗೆ ಯೂರೋಪಿನ ಗಿರಣಿಗಾರರಿಗೂ ರೊಟ್ಟಿ ಸುಡುವವರಿಗೂ ಅದರ ಕಾಟ ಚೆನ್ನಾಗಿ ಗೊತ್ತಿತ್ತು. ಕಣಜದ ಕತ್ತಲ ಮೂಲೆ, ತೇವ ಹಿಡಿದ ಹಿಟ್ಟಿನ ಚೀಲದ ತಳ ಅದರ ನೆಲೆ. ಗಿರಣಿಯ ಈ ಪೀಡೆಯೇ ಇಂದು ಆಸ್ಕರ್, ಅರೊವಾನಾದಂಥ ಬೇಟೆಗಾರ ಅಕ್ವೇರಿಯಂ ಮೀನುಗಳ ಜೀವಂತ ಆಹಾರ. ಅದು ಈ ಸ್ಥಾನಕ್ಕೆ ಬಂದದ್ದು ಪೌಷ್ಟಿಕತೆಯ ಬಲದಿಂದ ಎನ್ನುವುದಕ್ಕಿಂತ, ಯಾರು ಬೇಕಾದರೂ ಮನೆಯಲ್ಲಿ ಸಾಕಬಹುದು ಎಂಬ ಅನುಕೂಲದಿಂದ.

ಆ ಅನುಕೂಲ ಇರುವುದು ಹುಳುವಿನ ಬದುಕಿನ ಕ್ರಮದಲ್ಲೇ. ಹೆಣ್ಣು ಜೀರುಂಡೆ ತನ್ನ ಆಯುಷ್ಯದಲ್ಲಿ ನೂರಾರು ಮೊಟ್ಟೆ ಇಡುತ್ತದೆ. ಒಂದೆರಡು ವಾರದಲ್ಲಿ ಅವು ಒಡೆದು ನೂಲಿನೆಳೆಯಂಥ ಮರಿಗಳು ಹೊರಬರುತ್ತವೆ. ಮತ್ತೆ ಮತ್ತೆ ಪೊರೆ ಕಳಚುತ್ತ, ಬೆಚ್ಚಗಿದ್ದರೆ ಎರಡು ಮೂರು ತಿಂಗಳಲ್ಲಿ, ಚಳಿಯಿದ್ದರೆ ಇನ್ನೂ ನಿಧಾನವಾಗಿ, ಹೆಚ್ಚುಕಡಿಮೆ ಮೂರು ಸೆಂಟಿಮೀಟರ್ ಉದ್ದಕ್ಕೆ ಬೆಳೆಯುತ್ತವೆ. ಆಮೇಲೆ ಬಿಳಿಯ ಕೋಶಾವಸ್ಥೆ. ಒಂದರಿಂದ ಮೂರು ವಾರದಲ್ಲಿ ಅದರಿಂದ ಜೀರುಂಡೆ ಹೊರಬರುತ್ತದೆ. ತೌಡೋ ಬೂಸಾವೋ ಇದ್ದರೆ ಅದೇ ಹಾಸಿಗೆ, ಅದೇ ಊಟ. ನೀರಿನ ಪಾತ್ರೆ ಬೇಡ, ಒಣಗಿದ್ದರೆ ನಾತವೂ ಇಲ್ಲ. ನಯವಾದ ಗೋಡೆಯ ಪಾತ್ರೆಯನ್ನು ಹತ್ತಿ ಮರಿಹುಳು ಹೊರಬರಲಾರದು.

ಈ ಹುಳುವನ್ನು ಮೊದಲು ಬೇಕೆಂದು ಸಾಕಿದವರು ಮೀನು ಸಾಕುವವರಲ್ಲ, ಹಾಡುಹಕ್ಕಿ ಸಾಕುವವರು. ಜರ್ಮನಿಯಲ್ಲಿ ನೈಟಿಂಗೇಲ್ ಹಕ್ಕಿಯನ್ನು ಪಂಜರದಲ್ಲಿಡುವ ಹವ್ಯಾಸ ಹದಿನೆಂಟನೆಯ ಶತಮಾನದಲ್ಲಿ ಬಲವಾಗಿ ಬೇರೂರಿತ್ತು. ಕೀಟಾಹಾರಿಯಾದ ಆ ಹಕ್ಕಿಗೆ ಬರೀ ಕಾಳು ಸಾಲದು. ಯೂರೋಪಿನ ಚಳಿಗಾಲದಲ್ಲಿ ಹೊರಗೆ ಕೀಟ ಸಿಗುವುದಿಲ್ಲ. ಥುರಿಂಗಿಯಾದ ನಿಸರ್ಗತಜ್ಞ ಯೋಹಾನ್ ಮ್ಯಾಥೆಯಸ್ ಬೆಕ್‌ಸ್ಟೈನ್ 1795ರಲ್ಲಿ ಮೊದಲು ಪ್ರಕಟವಾದ ತನ್ನ ಪಂಜರದ ಹಕ್ಕಿಗಳ ಗ್ರಂಥದಲ್ಲಿ ಇದಕ್ಕೊಂದು ಉಪಾಯ ತಿಳಿಸುತ್ತಾನೆ. ಮಡಕೆಯಲ್ಲಿ ಗೋಧಿ ಬೂಸಾ ಅಥವಾ ಜವೆಯ ಹಿಟ್ಟು ತುಂಬಿ, ನಡುವೆ ಸಕ್ಕರೆ ಪೊಟ್ಟಣದ ಒರಟು ಕಾಗದ, ಹಳೆಯ ಬೂಟಿನ ಚರ್ಮದ ಚೂರು ಸೇರಿಸಬೇಕು. ಬೇಕರಿಯಿಂದಲೋ ಗಿರಣಿಯಿಂದಲೋ ತಂದ ಹುಳುಗಳನ್ನು ಅದರಲ್ಲಿ ಬಿಟ್ಟು, ಬಿಯರಿನಲ್ಲಿ ಅಥವಾ ನೀರಿನಲ್ಲಿ ನೆನೆಸಿದ ಉಣ್ಣೆ ಬಟ್ಟೆ ಹೊದಿಸಿ ಮೂರು ತಿಂಗಳು ಮುಟ್ಟದೆ ಇಡಬೇಕು. ಹುಳುಗಳು ಜೀರುಂಡೆಗಳಾಗಿ ಮೊಟ್ಟೆಯಿಟ್ಟು ಹೊಸ ಹುಳುಗಳು ಹುಟ್ಟುತ್ತವೆ. ಇಂಥ ಒಂದು ಮಡಕೆ ಒಂದು ನೈಟಿಂಗೇಲನ್ನು ಸಾಕುತ್ತದೆ. ಇಂದಿನ ಪ್ಲಾಸ್ಟಿಕ್ ಟ್ರೇಯ ಸಾಕಣೆ ಈ ಮಡಕೆಯದೇ ಮುಂದುವರಿಕೆ: ತಿನ್ನಲು ಹಿಟ್ಟು, ಅಡಗಲು ಮರೆ, ಅಷ್ಟಿಷ್ಟು ತೇವ.

ಬೇಟೆಗಾರ ಮೀನಿಗೆ ಕೀಟ ತಿನ್ನಿಸಿ ನೋಡುವ ಕುತೂಹಲವೂ ಅದೇ ಶತಮಾನದ್ದು. ನೀರಿನ ಧಾರೆ ಚಿಮ್ಮಿಸಿ ಎಲೆಯ ಮೇಲಿನ ಕೀಟವನ್ನು ಕೆಡವುವ ಆರ್ಚರ್ ಮೀನಿನ ಸುದ್ದಿ 1764ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯನ್ನು ತಲುಪಿತು. ಬಟಾವಿಯಾದಲ್ಲಿ, ಅಂದರೆ ಇಂದಿನ ಜಕಾರ್ತಾದಲ್ಲಿ, ಆಸ್ಪತ್ರೆಯೊಂದರ ಮುಖ್ಯಸ್ಥನಾಗಿದ್ದ ಹೊಮ್ಮೆಲ್ ಎಂಬಾತ ಈ ಮೀನುಗಳನ್ನು ದೊಡ್ಡ ನೀರಿನ ತೊಟ್ಟಿಯಲ್ಲಿ ಬಿಟ್ಟು, ನೀರಿನಿಂದ ಮೇಲೆ ನೊಣವನ್ನು ಸೂಜಿಯಿಂದ ಚುಚ್ಚಿ ನಿಲ್ಲಿಸಿ, ಅವು ಗುರಿಯಿಡುವುದನ್ನು ನೋಡಿದ್ದ. ಆದರೆ ಮೀನನ್ನು ತಿಂಗಳುಗಟ್ಟಲೆ ಮನೆಯಲ್ಲಿಡುವ ವಿದ್ಯೆ ಆಗಿನ್ನೂ ಕೈವಶವಾಗಿರಲಿಲ್ಲ.

ಆ ವಿದ್ಯೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ. ನೀರಿನ ಗಿಡಗಳೂ ಬಸವನಹುಳುಗಳೂ ಜೊತೆಗಿದ್ದರೆ ಗಾಜಿನ ತೊಟ್ಟಿಯಲ್ಲಿ ಮೀನು ಬಹುಕಾಲ ಬದುಕಬಲ್ಲದೆಂದು ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ವರದಿ ಮಾಡಿದ. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್‌ನ ‘ದಿ ಅಕ್ವೇರಿಯಂ’ ಪುಸ್ತಕ ಹವ್ಯಾಸವನ್ನು ಮನೆಮನೆಗೆ ಹಬ್ಬಿಸಿತು. ಜರ್ಮನಿ ಅದನ್ನು ಶಿಸ್ತಿನ ಅಭ್ಯಾಸವಾಗಿ ಬೆಳೆಸಿತು: 1888ರಲ್ಲಿ ಬರ್ಲಿನ್ನಿನಲ್ಲಿ ‘ಟ್ರೈಟನ್’ ಸಂಘ ಹುಟ್ಟಿತು, 1890ರಿಂದ ಅಕ್ವೇರಿಯಂ ಮತ್ತು ಟೆರೇರಿಯಂಗೆ (ಹಲ್ಲಿ-ಕಪ್ಪೆ ಸಾಕುವ ಗಾಜಿನ ಪೆಟ್ಟಿಗೆಗೆ) ಮೀಸಲಾದ ನಿಯತಕಾಲಿಕ ಹೊರಬರತೊಡಗಿತು. ಮೀನು ಸಾಕುವವರೂ ಹಲ್ಲಿ-ಕಪ್ಪೆ ಸಾಕುವವರೂ ಹೀಗೆ ಒಂದೇ ಬಳಗವಾದರು. ಸಣ್ಣ ಮೀನಿಗೆ ಹೊಂಡದಿಂದ ಬಲೆಯಲ್ಲಿ ಹಿಡಿದ ಡಾಫ್ನಿಯಾ ಎಂಬ ಪುಟ್ಟ ಜಲಜೀವಿ, ಕೆಸರಿನ ಟ್ಯೂಬಿಫೆಕ್ಸ್ ಹುಳು ಸಾಕಾಗುತ್ತಿದ್ದವು. ದೊಡ್ಡ ಬಾಯಿಯ ಮೀನಿಗೆ ಅವು ಏತಕ್ಕೂ ಸಾಲವು. ಅಲ್ಲಿಗೆ ಹೊಂದಿದ್ದು ಹಕ್ಕಿ, ಹಲ್ಲಿಗಳಿಗೆ ಹಾಕುತ್ತಿದ್ದ ಮೀಲ್‌ವರ್ಮ್.

ಇಪ್ಪತ್ತನೆಯ ಶತಮಾನದಲ್ಲಿ ವಿದ್ಯುತ್ ಹೀಟರ್, ವಿಮಾನ ಸಾಗಣೆ ಬಂದಮೇಲೆ ಉಷ್ಣವಲಯದ ದೊಡ್ಡ ಬೇಟೆಗಾರರು ಮನೆಯ ತೊಟ್ಟಿಗೆ ಬಂದರು. ಅವುಗಳಲ್ಲಿ ಹಲವಕ್ಕೆ ಕೀಟವೇ ಸಹಜ ಆಹಾರ. ಅಮೆಜಾನಿನ ಬೆಳ್ಳಿ ಅರೊವಾನಾ ನೆರೆ ಬಂದ ಕಾಡಿನಲ್ಲಿ ನೀರಿನಿಂದ ಮೇಲಕ್ಕೆ ಜಿಗಿದು ಕೊಂಬೆಯ ಮೇಲಿನ ಜೀರುಂಡೆ, ಜೇಡಗಳನ್ನು ಕಚ್ಚಿ ಬೀಳುತ್ತದೆ. ಜೀವವಿಜ್ಞಾನಿ ಮೈಕೆಲ್ ಗೌಲ್ಡಿಂಗ್ 1980ರಲ್ಲಿ ಪ್ರಕಟಿಸಿದ ಅಧ್ಯಯನ ಆ ಮೀನಿನ ಹೊಟ್ಟೆಯಲ್ಲಿ ಜೀರುಂಡೆಗಳೇ ಹೇರಳವಾಗಿದ್ದುದನ್ನು ದಾಖಲಿಸಿತು. ಆದರೂ ಬೇಟೆಗಾರ ಮೀನಿಗೆ ಅಗ್ಗದ ಗೋಲ್ಡ್‌ಫಿಶ್ ಮರಿಗಳನ್ನು ಹಾಕುವ ರೂಢಿ ಬಹುಕಾಲ ನಡೆಯಿತು. ಇಕ್ಕಟ್ಟಾದ ತೊಟ್ಟಿಗಳಿಂದ ಬರುವ ಆ ಮರಿಗಳು ರೋಗ, ಪರೋಪಜೀವಿಗಳನ್ನು ಹೊತ್ತು ತರುತ್ತವೆ. ಅವುಗಳ ದೇಹದಲ್ಲಿರುವ ಥಯಾಮಿನೇಸ್ ಕಿಣ್ವ ಬಿ1 ಜೀವಸತ್ವವನ್ನು ಹಾಳುಮಾಡುವುದರಿಂದ, ಅದನ್ನೇ ತಿಂದು ಬೆಳೆದ ಮೀನಿಗೆ ಕೊರತೆ ಕಾಡುತ್ತದೆ. ಒಣ ಹಿಟ್ಟಿನಲ್ಲಿ ಬೆಳೆದ ಹುಳು ನೀರಿನ ರೋಗವನ್ನು ತರುವುದಿಲ್ಲ. ಈ ಅರಿವು ಹರಡಿದಂತೆ ಮೀಲ್‌ವರ್ಮ್‌ಗೆ ಬೇಡಿಕೆ ಏರಿತು.

ಅಷ್ಟರಲ್ಲಿ ಹುಳು ಪ್ರಯೋಗಾಲಯವನ್ನೂ ಸೇರಿತ್ತು. ಸಂಶೋಧಕ ಗಾಟ್‌ಫ್ರೀಡ್ ಫ್ರೆಂಕೆಲ್ ಅದಕ್ಕೆ ಯಾವ ಯಾವ ಪೋಷಕಾಂಶ ಬೇಕೆಂದು ಒಂದೊಂದಾಗಿ ಪರೀಕ್ಷಿಸುವಾಗ, ಯೀಸ್ಟಿನಲ್ಲಿರುವ ಅಜ್ಞಾತ ಅಂಶವೊಂದಿಲ್ಲದೆ ಹುಳು ಬೆಳೆಯುವುದಿಲ್ಲವೆಂದು ಕಂಡುಕೊಂಡರು. ಆ ಅಂಶ ಕಾರ್ನಿಟಿನ್ ಎಂದು 1952ರಲ್ಲಿ ಖಚಿತವಾಯಿತು. ಹುಳುವಿನ ಆಹಾರಗುಣವೂ ಅಳತೆಗೆ ಸಿಕ್ಕಿತು: ಜೀವಂತ ಹುಳುವಿನಲ್ಲಿ ಸುಮಾರು ಶೇ. 60 ನೀರು, ಶೇ. 20ರಷ್ಟು ಪ್ರೋಟೀನ್, ಅದಕ್ಕಿಂತ ಸ್ವಲ್ಪ ಕಡಿಮೆ ಕೊಬ್ಬು. ಕ್ಯಾಲ್ಸಿಯಂ ಮಾತ್ರ ತೀರಾ ಅಲ್ಪ. ಫಾಸ್ಫರಸ್ ಅದರ ಹತ್ತು ಪಟ್ಟಿಗೂ ಹೆಚ್ಚು. ಮೀನು ನೀರಿನಿಂದಲೂ ಕ್ಯಾಲ್ಸಿಯಂ ಹೀರಿಕೊಳ್ಳುವುದರಿಂದ ಇದು ಹಲ್ಲಿ, ಹಕ್ಕಿಗಳಿಗೆ ಕಾಡುವಷ್ಟು ಅದಕ್ಕೆ ಕಾಡದು. ತೊಟ್ಟಿಯ ಮೀನಿಗೆ ಹೆಚ್ಚಿನ ಅಪಾಯ ಕೊಬ್ಬಿನದು.

ಮುಂದೆ ಇನ್ನೊಂದು ಹುಳು ಜೊತೆಗೂಡಿತು. ಅದು ಮಧ್ಯ ಮತ್ತು ದಕ್ಷಿಣ ಅಮೆರಿಕದ ಜೋಫೊಬಾಸ್ ಜೀರುಂಡೆಯ ಮರಿ, ಮಾರುಕಟ್ಟೆಯ ‘ಸೂಪರ್‌ವರ್ಮ್’. ಮೀಲ್‌ವರ್ಮ್‌ಗಿಂತ ಎಷ್ಟೋ ದಪ್ಪ. ದೊಡ್ಡ ಮೀನಿಗೆ ಹೇಳಿಮಾಡಿಸಿದಂತಿದೆ. ಗುಂಪಿನಲ್ಲಿ ಒತ್ತೊತ್ತಾಗಿ ಇರುವವರೆಗೆ ಅದು ಕೋಶವಾಗುವುದೇ ಇಲ್ಲ. ಸಂಶೋಧಕ ವಾಲ್ಟರ್ ಷಿಂಕೆಲ್ ಮತ್ತು ಸಹೋದ್ಯೋಗಿ 1971ರಲ್ಲಿ ಈ ಗುಣವನ್ನು ವಿವರಿಸಿದರು. ಮಾರುವವರಿಗೆ ಅದು ಲಾಭ. ಸಾಕುವವರು ಮಾತ್ರ ಹುಳುಗಳನ್ನು ಒಂದೊಂದಾಗಿ ಬೇರೆ ಡಬ್ಬಿಗೆ ಹಾಕಬೇಕಾಯಿತು. ಕ್ಯಾಮೆರಾ ರೀಲಿನ ಖಾಲಿ ಡಬ್ಬಿಗಳು ಆ ಕೆಲಸಕ್ಕೆ ಬಂದವು. ಮೀಲ್‌ವರ್ಮನ್ನು ಫ್ರಿಜ್ಜಿನ ತಂಪಿನಲ್ಲಿ ವಾರಗಟ್ಟಲೆ ಇಡಬಹುದು, ಸೂಪರ್‌ವರ್ಮ್ ಅಲ್ಲಿ ಸಾಯುತ್ತದೆ.

ಮೀಲ್‌ವರ್ಮ್ ಚೆನ್ನಾಗಿ ಬೆಳೆಯುವುದು 25ರಿಂದ 28 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹಾಗಾಗಿ ಕರ್ನಾಟಕದ ಬಹುಪಾಲು ಊರುಗಳಲ್ಲಿ ಹೀಟರ್ ಬೇಕಿಲ್ಲ. ಟ್ರೇಯಲ್ಲಿ ಕೆಲವು ಬೆರಳಿನಷ್ಟು ಗೋಧಿ ಬೂಸಾ, ಮೇಲೆ ಕ್ಯಾರೆಟ್ ಅಥವಾ ಆಲೂಗಡ್ಡೆಯ ಬಿಲ್ಲೆ. ಬಿಲ್ಲೆ ಬೂಷ್ಟು ಹಿಡಿಯುವ ಮುನ್ನ ತೆಗೆಯಬೇಕು, ಇಲ್ಲದಿದ್ದರೆ ನುಸಿ ಬಿದ್ದು ಇಡೀ ಟ್ರೇ ಕೆಡುತ್ತದೆ. ಜೀರುಂಡೆಗಳು ಮೊಟ್ಟೆಯನ್ನೂ ಕೋಶವನ್ನೂ ತಿಂದುಹಾಕುವುದರಿಂದ ಜೀರುಂಡೆಗಳನ್ನು ಬೇರ್ಪಡಿಸಬೇಕು. ಇಲ್ಲಿ ಇರುವೆಯೇ ದೊಡ್ಡ ಶತ್ರು. ರೇಷ್ಮೆಹುಳು ಸಾಕುವ ಮನೆಗಳಲ್ಲಿ ತಟ್ಟೆಯ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸುವ ಕ್ರಮವೇ ಇದಕ್ಕೂ ಮದ್ದು. ಮೀನಿಗೆ ಕೀಟ ತಿನ್ನಿಸುವುದೂ ಈ ನಾಡಿಗೆ ಹೊಸತಲ್ಲ. ನೂಲು ಬಿಚ್ಚಿದ ಮೇಲೆ ಗೂಡಿನಲ್ಲಿ ಉಳಿಯುವ ರೇಷ್ಮೆಕೋಶ ಕೆರೆಮೀನಿಗೂ ಕೋಳಿಗೂ ಮೇವಾಗಿದೆ.

ತಿನ್ನಿಸುವ ಕ್ರಮವೂ ಅನುಭವದಿಂದ ಗಟ್ಟಿಯಾಯಿತು. ಹಾಕುವ ಒಂದೆರಡು ದಿನ ಮೊದಲು ಹುಳುವಿಗೆ ಸೊಪ್ಪು, ತರಕಾರಿ, ಕ್ಯಾಲ್ಸಿಯಂ ಬೆರೆಸಿದ ಹಿಟ್ಟು ಉಣಿಸಿದರೆ ಅದರ ಹೊಟ್ಟೆಯಲ್ಲಿದ್ದದ್ದು ಮೀನಿಗೂ ಸಲ್ಲುತ್ತದೆ. ಆಗಷ್ಟೇ ಪೊರೆ ಕಳಚಿದ ಬಿಳಿ ಹುಳು ಮೆದು. ಸಣ್ಣ ಮೀನಿಗೆ ಅದನ್ನೇ ಆರಿಸಬೇಕು. ಹುಳು ಮೀನಿನ ಹೊಟ್ಟೆಯನ್ನು ಕೊರೆದು ಹೊರಬರುತ್ತದೆಂಬ ಭಯದಿಂದ ತಲೆ ಜಜ್ಜಿ ಹಾಕುವ ರೂಢಿಯಿದೆ. ನುಂಗಿದ ಹುಳು ಜಠರರಸದಲ್ಲಿ ಉಳಿಯದಾದ್ದರಿಂದ ಆ ಭಯಕ್ಕೆ ಆಧಾರವಿಲ್ಲ. ತಿನ್ನದೆ ಬಿಟ್ಟ ಹುಳು ನೀರಿನಲ್ಲಿ ಸತ್ತು ಕೊಳೆಯುವುದರಿಂದ ಅದನ್ನು ತೆಗೆಯಲೇಬೇಕು. ವಾರದಲ್ಲಿ ಒಂದೆರಡು ಸಲ, ಬೇರೆ ಆಹಾರದ ಜೊತೆಗೆ ಕೊಟ್ಟರೆ ಸಾಕು. ಇದೊಂದನ್ನೇ ತಿಂದ ಮೀನಿನ ಒಡಲಲ್ಲಿ ಕೊಬ್ಬು ಸೇರುತ್ತದೆ.

ಹವ್ಯಾಸಿಗಳ ಈ ಅನುಭವ ಈಗ ಉದ್ಯಮಕ್ಕೂ ದಾರಿಯಾಗಿದೆ. ಐರೋಪ್ಯ ಒಕ್ಕೂಟ 2017ರ ಜುಲೈ 1ರಿಂದ ಏಳು ಕೀಟ ಜಾತಿಗಳ ಪ್ರೋಟೀನನ್ನು ಸಾಕಣೆ ಮೀನಿನ ಮೇವಿಗೆ ಬಳಸಲು ಅನುಮತಿಸಿತು, ಮೀಲ್‌ವರ್ಮ್ ಅವುಗಳಲ್ಲೊಂದು. 2021ರಲ್ಲಿ ಒಣಗಿಸಿದ ಮೀಲ್‌ವರ್ಮ್ ಮನುಷ್ಯರ ಆಹಾರವಾಗಿಯೂ ಅಲ್ಲಿ ಮಾನ್ಯವಾಯಿತು. ಕಾರ್ಖಾನೆಯ ಸಾಲುಸಾಲು ಟ್ರೇಗಳಲ್ಲೂ ಹುಳು ಬೆಳೆಯುವುದು ಬೂಸಾದ ಮೇಲೆಯೇ, ತೇವಕ್ಕೆ ಸಿಗುವುದು ತರಕಾರಿಯ ಚೂರೇ.