ಬೆಲ್ಸನ್‌ಗೆ ಬಂದ ಔಷಧದ ಜಾಡು

ರಕ್ತನಿಧಿಗಳ ಚರಿತ್ರೆಯಲ್ಲಿ ಜಾನೆಟ್ ವಾನ್ ಅವರ ಜಾಗ ಗಟ್ಟಿಯಾದದ್ದು. 1938ರ ಮ್ಯೂನಿಕ್ ಬಿಕ್ಕಟ್ಟಿನ ದಿನಗಳಲ್ಲೇ, ಲಂಡನ್ನಿನ ಮೇಲೆ ಬಾಂಬು ಬಿದ್ದರೆ ಗಾಯಾಳುಗಳಿಗೆ ರಕ್ತ ಒದಗಿಸುವ ಬಗೆಯನ್ನು ಅವರು ಯೋಚಿಸಿದ್ದರು. ಯುದ್ಧಕಾಲದಲ್ಲಿ ಸ್ಲೌ ಊರಿನ ರಕ್ತಸಂಗ್ರಹ ಕೇಂದ್ರವನ್ನು ನಡೆಸಿದರು. ಇಷ್ಟರಲ್ಲಿ ತಕರಾರಿಲ್ಲ. ನನ್ನನ್ನು ಕಾಡಿದ್ದು 1945ರ ಪ್ರಕರಣ. ಉಪವಾಸದಿಂದ ಸಾಯುತ್ತಿದ್ದವರ ಚಿಕಿತ್ಸೆಯನ್ನು ಪರೀಕ್ಷಿಸಲು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯು ರಕ್ತದ ತಜ್ಞೆಯೊಬ್ಬರನ್ನು ಜರ್ಮನಿಯಲ್ಲಿದ್ದ ನಾತ್ಸಿಗಳ ಬೆಲ್ಸನ್ ಸೆರೆಶಿಬಿರಕ್ಕೆ ಕಳಿಸಿದ್ದೇಕೆ?

ಅವರ ಜೊತೆಗಿದ್ದವರು ಚಾರ್ಲ್ಸ್ ಡೆಂಟ್ ಮತ್ತು ರೊಸಾಲಿಂಡ್ ಪಿಟ್-ರಿವರ್ಸ್. ಒಯ್ದದ್ದು ಪ್ರೋಟೀನ್ ಹೈಡ್ರೊಲೈಸೇಟ್, ಅಂದರೆ ಪ್ರೋಟೀನನ್ನು ಮೊದಲೇ ಒಡೆದು ಅಮೈನೋ ಆಮ್ಲಗಳಾಗಿಸಿದ ದ್ರಾವಣ. ಸೋತ ಕರುಳು ಜೀರ್ಣಿಸಲಾರದ್ದನ್ನು ರಕ್ತನಾಳದ ಮೂಲಕವೇ ಕೊಡುವುದು ಅದರ ಹಿಂದಿನ ತರ್ಕ. ರಕ್ತನಾಳಕ್ಕೆ ದ್ರವ ಹಾಯಿಸುವುದು ವಾನ್ ಅವರ ಕೈಪಳಗಿದ ಕೆಲಸ, ಹಾಗಾಗಿ ಉತ್ತರ ಸ್ಲೌನಲ್ಲೇ ಇದೆ ಎಂದು ಮೊದಲು ಅನ್ನಿಸುತ್ತದೆ. ಆದರೆ ಆ ದಾರಿ ಅವರು ಈ ಕೆಲಸಕ್ಕೆ ಏಕೆ ತಕ್ಕವರು ಎಂಬಲ್ಲಿಗೆ ನಿಲ್ಲುತ್ತದೆ. ಔಷಧ ಎಲ್ಲಿಂದ ಬಂತು ಎಂಬುದನ್ನು ಅದು ಹೇಳುವುದಿಲ್ಲ.

ಬೆಲ್ಸನ್‌ನ ವೃತ್ತಾಂತಗಳಲ್ಲಿ ಮತ್ತೆ ಮತ್ತೆ ಎದುರಾಗುವ ಒಂದು ಹೆಸರು ನನ್ನನ್ನು ಬೇರೆಡೆಗೆ ತಿರುಗಿಸಿತು: ಬಂಗಾಳ ಕ್ಷಾಮದ ಮಿಶ್ರಣ. ಇದನ್ನೇ ಹೈಡ್ರೊಲೈಸೇಟ್ ಎಂದುಕೊಂಡರೆ ಲೆಕ್ಕವೆಲ್ಲ ತಪ್ಪುತ್ತದೆ. ಮಿಶ್ರಣವೆಂದರೆ ಹಾಲಿನ ಪುಡಿ, ಹಿಟ್ಟು, ಸಕ್ಕರೆ ಸೇರಿಸಿದ ಬಾಯಿಯೂಟ. ಅದು ಅತಿ ಸಿಹಿ ಎಂದು ಪೂರ್ವ ಯುರೋಪಿನ ಅನೇಕರು ದೂರ ಸರಿಸಿದರು. ಎರಡೂ ಬೇರೆ ಬೇರೆ. ಆದರೆ ಎರಡರ ಜಾಡೂ 1943ರ ಬಂಗಾಳಕ್ಕೇ ಹೋಗುತ್ತದೆ. 1944ರ ಇಂಡಿಯನ್ ಮೆಡಿಕಲ್ ಗೆಜೆಟ್‌ನಲ್ಲಿ ಕೆ.ವಿ. ಕೃಷ್ಣನ್ ಮತ್ತು ಸಂಗಡಿಗರ ಬರಹಗಳು ಸಿಗುತ್ತವೆ. ಪರಂಗಿಕಾಯಿಯ ಹಾಲಿನಲ್ಲಿರುವ ಪಪೇನ್‌ನಿಂದ ಪ್ರೋಟೀನನ್ನು ಒಡೆದು, ಆ ದ್ರಾವಣವನ್ನು ಬಾಯಿಂದಲೂ ರಕ್ತನಾಳದಿಂದಲೂ ಕ್ಷಾಮಪೀಡಿತರಿಗೆ ಕೊಟ್ಟು ಒಳ್ಳೆಯ ಫಲ ಕಂಡೆವೆಂದು ಅವರು ವರದಿ ಮಾಡಿದ್ದರು. ಕಲ್ಕತ್ತದ ಈ ಹೆಸರುಗಳನ್ನು ಬೆಲ್ಸನ್ ಕಥೆಯೊಳಗೆ ಸೇರಿಸದೆ ಹೇಳುವುದು ಅನ್ಯಾಯ ಎಂಬುದು ನನ್ನ ಖಚಿತ ಅಭಿಪ್ರಾಯ.

ತೊಡಕು ಇಲ್ಲಿಂದ ಹೆಚ್ಚುತ್ತದೆ. ಕಲ್ಕತ್ತದಲ್ಲಿ ಫಲಕೊಟ್ಟ ಉಪಾಯವನ್ನು ವಾನ್ ತಂಡ 1945ರ ತನ್ನ ವರದಿಯಲ್ಲಿ ಎತ್ತಿಹಿಡಿಯಲಿಲ್ಲ. ಬಾಯಿಂದ ಕೊಟ್ಟರೆ ಅದರ ರುಚಿ ಸಹಿಸಲಾಗದು; ಸೂಜಿ ಹಿಡಿದು ಹೋದರೆ ರೋಗಿಗಳು ಭಯದಿಂದ ಕಿರುಚುತ್ತಿದ್ದರು. ಸುಡುವ ಮೊದಲು ಚುಚ್ಚುಮದ್ದು ಕೊಡುತ್ತಾರೆಂಬುದು ಶಿಬಿರಗಳು ಅವರಿಗೆ ಕಲಿಸಿದ್ದ ಪಾಠ. ಕೆನೆ ತೆಗೆದ ಹಾಲನ್ನು ಸ್ವಲ್ಪಸ್ವಲ್ಪವೇ, ಮತ್ತೆ ಮತ್ತೆ ಕುಡಿಸುವುದೇ ಮೇಲು ಎಂಬ ತೀರ್ಮಾನಕ್ಕೆ ತಂಡ ಬಂತು.

ಹಾಗಾದರೆ ಯಾರನ್ನು ನಂಬಬೇಕು? ಅವಸರ ಬೇಡ. 1945ರ ಏಪ್ರಿಲ್ 15ರಂದು ಬ್ರಿಟಿಷ್ ಸೈನ್ಯ ಒಳಹೊಕ್ಕಾಗ ಬೆಲ್ಸನ್‌ನಲ್ಲಿ ಸುಮಾರು 60,000 ಜನರಿದ್ದರು. ಆಮೇಲೂ 13,000ಕ್ಕೂ ಹೆಚ್ಚು ಮಂದಿ ಸತ್ತರು. ಟೈಫಸ್, ಕ್ಷಯ, ಭೇದಿ ಎಲ್ಲ ಒಟ್ಟಿಗೇ ಇದ್ದವು. ಇಂಥಲ್ಲಿ ರೋಗಿಗಳನ್ನು ಸಮಾನ ಗುಂಪುಗಳಾಗಿಸಿ ತೂಗಿ ನೋಡುವುದು ಆಗದ ಮಾತು. ನುಂಗಲಾರದ, ಅಂದರೆ ಸಾವಿಗೆ ಹೆಚ್ಚು ಹತ್ತಿರವಿದ್ದವರಿಗೇ ಸೂಜಿ ಬೇಕೆನಿಸುವುದು ಸಹಜ. ಅವರಲ್ಲಿ ಸಾವು ಹೆಚ್ಚಾದರೆ ತಪ್ಪು ದ್ರಾವಣದ್ದೋ ಸ್ಥಿತಿಯದ್ದೋ? ಸಾವಿನ ಎಣಿಕೆಯೊಂದೇ ಇದನ್ನು ಬಿಡಿಸಲಾರದು. ಆದ್ದರಿಂದ ಬೆಲ್ಸನ್ನಿನ ವರದಿ ಕಲ್ಕತ್ತದ ವರದಿಯನ್ನು ಸುಳ್ಳಾಗಿಸುತ್ತದೆ ಎನ್ನಲಾರೆ. ಹಾಲು ಕುಡಿಯಬಲ್ಲವರಿಗೆ ಈ ಔಷಧದ ಅಗತ್ಯವಿಲ್ಲ ಎಂಬುದನ್ನಷ್ಟೇ ಅದು ತೋರಿಸುತ್ತದೆ. ಇದು ಸಣ್ಣ ಮಾತು, ಆದರೆ ಗಟ್ಟಿ ಮಾತು.

ಗಟ್ಟಿ ಎನ್ನಲು ಕಾರಣವಿದೆ. ಈ ಔಷಧದ ಮೇಲೆ ಭಾರೀ ನಿರೀಕ್ಷೆಯಿತ್ತು. ಅದನ್ನು ಒಯ್ದವರೇ ಬೇಡವೆಂದರು. ತಮ್ಮ ಉದ್ದೇಶಕ್ಕೆ ವಿರುದ್ಧವಾಗಿ ನುಡಿದ ಸಾಕ್ಷಿಗೆ ಹೆಚ್ಚು ತೂಕ ಕೊಡಬೇಕು. ಅದೇ ವರ್ಷ ಹಸಿವಿನಿಂದ ಬಳಲಿದ್ದ ಪಶ್ಚಿಮ ಹಾಲೆಂಡಿನಲ್ಲಿ ಕೆಲಸಮಾಡಿದ ವೈದ್ಯರೂ, ಬಹುಪಾಲು ರೋಗಿಗಳಿಗೆ ಬಾಯಿಯೂಟವೇ ಸಾಕೆಂದು ಕಂಡುಕೊಂಡರು.