ಹೈಫಾಕ್ಕೆ ಮುಂಚಿನ ನಾಲ್ಕು ವರ್ಷ

ಮೈಸೂರು ಲ್ಯಾನ್ಸರ್ಸ್ ಎಂದರೆ ನಮಗೆ ನೆನಪಾಗುವುದು ಒಂದೇ ದಿನ: 1918ರ ಸೆಪ್ಟೆಂಬರ್ 23. ಭರ್ಜಿ ಹಿಡಿದ ಸವಾರರು ಮೆಷಿನ್ ಗನ್‌ಗಳಿಗೆ ಎದುರಾಗಿ ಹೈಫಾ ಪಟ್ಟಣ ಗೆದ್ದ ದಿನ. ಆದರೆ ಇವರು ಬೆಂಗಳೂರು ಬಿಟ್ಟಿದ್ದು 1914ರಲ್ಲಿ. ನಡುವಿನ ನಾಲ್ಕು ವರ್ಷ ಏನು ಮಾಡುತ್ತಿದ್ದರು?

ಹೆಚ್ಚಿನ ದಿನ ಕಾಯುತ್ತಿದ್ದರು.

ನಾಲ್ವಡಿ ಕೃಷ್ಣರಾಜ ಒಡೆಯರ್ ಯುದ್ಧಕ್ಕೆ 50 ಲಕ್ಷ ರೂಪಾಯಿ ಕೊಟ್ಟರು, ಜೊತೆಗೆ ಈ ಕುದುರೆಪಡೆಯನ್ನೂ ಕಳಿಸಿದರು. ಹಡಗಿನಲ್ಲಿ ಈಜಿಪ್ಟ್ ಸೇರಿದ ಪಡೆಗೆ ಸಿಕ್ಕಿದ್ದು ಸೂಯೆಜ್ ಕಾಲುವೆಯ ಕಾವಲು. 1915ರ ಫೆಬ್ರವರಿಯಲ್ಲಿ ತುರ್ಕರು ಕಾಲುವೆ ದಾಟಲು ಬಂದು ಹಿಮ್ಮೆಟ್ಟಿದರು. ಆಮೇಲೆ ಗಸ್ತು, ಆಗೊಮ್ಮೆ ಈಗೊಮ್ಮೆ ಕಾದಾಟ. ಉಳಿದಂತೆ ಮರಳು, ಡೇರೆ, ಕುದುರೆ.

ಶಿಬಿರದ ದಿನ ನಡೆಯುತ್ತಿದ್ದದ್ದು ಕುದುರೆಯ ಲೆಕ್ಕದಲ್ಲಿ. ಮೊದಲು ಕುದುರೆಗೆ ನೀರು, ಮೇವು, ಆಮೇಲೆ ಸವಾರನ ಊಟ. ಕುದುರೆಪಡೆಗಳ ಹಳೆಯ ನಿಯಮವೇ ಅದು. ಒಂದು ಕುದುರೆಗೆ ದಿನಕ್ಕೆ 30 ಲೀಟರಿಗೂ ಹೆಚ್ಚು ನೀರು ಬೇಕಾಗುತ್ತದೆ. ಸೂಯೆಜ್ ಕಾಲುವೆಯ ನೀರು ಉಪ್ಪು. ಅದರ ಪಕ್ಕದಲ್ಲೇ ನೈಲ್ ನದಿಯಿಂದ ಬರುವ ಸಿಹಿನೀರಿನ ಕಾಲುವೆ ಇತ್ತು. ಅದನ್ನು ಬಿಟ್ಟು ಮರುಭೂಮಿಯೊಳಗೆ ಹೋದರೆ ಶತ್ರುವಿಗಿಂತ ನೀರಿನ ಚಿಂತೆಯೇ ದೊಡ್ಡದು. ಮೈ ಉಜ್ಜಬೇಕು, ಗೊರಸು ನೋಡಬೇಕು, ಲಾಳ ಸಡಿಲವಾಗಿದ್ದರೆ ಬಡಿಸಬೇಕು. ತಡಿ ಉಜ್ಜಿ ಬೆನ್ನು ಹುಣ್ಣಾದರೆ ಆ ಕುದುರೆ ಇದ್ದೂ ಇಲ್ಲದಂತೆ. ಮಧ್ಯೆ ಭರ್ಜಿಯ ಕವಾಯತು, ರಾತ್ರಿ ಪಹರೆ.

ಹೊರಡುವ ದಿನ ಯಾವುದೆಂದು ಸಿಪಾಯಿಗೆ ಯಾರೂ ಹೇಳುವುದಿಲ್ಲ. ಊರಿನಿಂದ ಪತ್ರ ಬರಲು ವಾರಗಟ್ಟಲೆ ಬೇಕು. ಓದು ಬಾರದವನು ಅದನ್ನೂ ಇನ್ನೊಬ್ಬನಿಂದ ಓದಿಸಿಕೊಳ್ಳಬೇಕು.

1918ರ ಬೇಸಿಗೆಯಲ್ಲಿ ಪಡೆ ಜೋರ್ಡಾನ್ ಕಣಿವೆಯಲ್ಲಿತ್ತು. ಸಮುದ್ರಮಟ್ಟಕ್ಕಿಂತ ಕೆಳಗಿರುವ ಜಾಗ ಅದು. ಸುಡುವ ಬಿಸಿಲು, ಧೂಳು, ಮಲೇರಿಯಾ.

ಅಲ್ಲಿಂದ ಕೆಲವೇ ವಾರಗಳಲ್ಲಿ ಹೈಫಾ. ಜೋಧಪುರದ ಸವಾರರು ಪಟ್ಟಣಕ್ಕೆ ನುಗ್ಗಿದರು. ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿ ಮೇಲಿದ್ದ ಫಿರಂಗಿಗಳನ್ನು ಹಿಡಿಯಿತು. ಆ ಕಲ್ಲುದಾರಿಯಲ್ಲಿ ಕುದುರೆ ಮುಗ್ಗರಿಸದೆ ಹತ್ತಬೇಕಾದರೆ ಅದರ ಗೊರಸನ್ನು ದಿನಾ ಎತ್ತಿ ನೋಡಿದವನೊಬ್ಬ ಇರಲೇಬೇಕು.

ದೆಹಲಿಯ ತೀನ್ ಮೂರ್ತಿಯಲ್ಲಿ ಒಂದು ಪ್ರತಿಮೆ ಮೈಸೂರು ಸವಾರನದು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಸ್ಮಾರಕವಿದೆ. ಅವು ಗೆದ್ದ ದಿನವನ್ನು ಹೇಳುತ್ತವೆ, ಕಾದ ದಿನಗಳನ್ನಲ್ಲ. ನಿಮ್ಮ ಮನೆಯ ಟ್ರಂಕಿನಲ್ಲಿ ಮುತ್ತಜ್ಜನ ಪದಕವೋ ಹಳೇ ಪತ್ರವೋ ಇದ್ದರೆ ಗುಜರಿಗೆ ಹಾಕಬೇಡಿ. ಮೊದಲು ಮನೆಯ ಹಿರಿಯರನ್ನು ಕೇಳಿ, ಅವರ ಹೆಸರು, ಊರು ಬರೆದಿಡಿ.